ವಿರೋಧದ ಹಲವು ರೂಪಗಳು: ಪಂಕ್ತಿಯೆಂಬ ಅಳತೆಗೋಲು

ಪೀಠಿಕೆ

'ವಿರೋಧ' ಎಂಬ ಪದವನ್ನು ನಮ್ಮ ಪ್ರಬೋಧನೆಗಳಲ್ಲಿ ನಾವು ಎರಡು ಬಗೆಯಾಗಿ ಬಳಸುತ್ತೇವೆ. ಎಲೀಯನನ್ನೋ ಆಮೋಸನನ್ನೋ ಕುರಿತು ಮಾತನಾಡುವಾಗ ಅದು ಸದ್ಗುಣ. ಧರ್ಮಕೇಂದ್ರದ ಸಭೆಯಲ್ಲಿ ಯಾರಾದರೂ ಎದ್ದು ಲೆಕ್ಕ ಕೇಳಿದಾಗ ಅದೇ ಅವಿಧೇಯತೆ. ಅಹಾಬನಿಗೆ ಎದುರು ನಿಂತವನು ಪ್ರವಾದಿ, ನಮಗೆ ಎದುರು ನಿಂತವನು ತಂಟೆಕೋರ. ಈ ಅಸ್ಥಿರತೆಗೆ ನಮ್ಮ ಸ್ವಭಾವದ ದೌರ್ಬಲ್ಯವೊಂದೇ ಕಾರಣವಲ್ಲ. ವಿರೋಧದ ಬೇರೆಬೇರೆ ರೂಪಗಳನ್ನು ವಿಂಗಡಿಸಿ ನೋಡುವ ಅಭ್ಯಾಸ ನಮಗಿಲ್ಲದಿರುವುದೂ ಕಾರಣ.

ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಅಂತಹ ಒಂದು ವಿಂಗಡಣೆಯನ್ನು. ಅದಕ್ಕೆ ಬೇಕಾದ ನಿದರ್ಶನಗಳನ್ನು ದೂರದಿಂದ ತರಬೇಕಾಗಿಲ್ಲ. ಜೇವರ್ಗಿಯಿಂದ ಬೇರ್ಪಟ್ಟು ತಾಲ್ಲೂಕಾದ ಯಡ್ರಾಮಿಯನ್ನು ನಡುವೆ ಇಟ್ಟುಕೊಂಡು ನಾಲ್ಕು ದಿಕ್ಕಿಗೆ ನೋಡಿದರೆ ಸಾಕು. ಒಂದೆಡೆ ಸುರಪುರ, ಇನ್ನೊಂದೆಡೆ ಕಲಬುರಗಿ, ಆಚೆ ಬಸವಕಲ್ಯಾಣ, ತಾಲ್ಲೂಕಿನ ಒಳಗೇ ಕಡಕೋಳ. ಆಯುಧದ ವಿರೋಧ, ಸಭೆಯ ವಿರೋಧ, ಪದದ ವಿರೋಧ ಈ ಮೂರೂ ಈ ನೆಲದಲ್ಲಿ ಬೆಳೆದಿವೆ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಕ್ಷೇತ್ರವು ಸೇವೆ ಸಲ್ಲಿಸುತ್ತಿರುವುದು ಈ ನೆನಪುಗಳನ್ನು ಹೊತ್ತ ಜನರ ನಡುವೆ. ಆದುದರಿಂದ ಇಲ್ಲಿಗೆ ಬರಲಿರುವ ಗುರು ಅಭ್ಯರ್ಥಿಗಳಿಗೆ ಇದು ಬರಿಯ ಇತಿಹಾಸದ ಪಾಠವಲ್ಲ.

1. ಪರಿಶುದ್ಧ ಗ್ರಂಥದಲ್ಲಿ 'ಎದುರು ನಿಲ್ಲುವುದು'

ಮೊದಲು ಪದಗಳನ್ನು ಗಮನಿಸೋಣ. 'ಸಾತಾನ್' ಎಂಬ ಹಿಬ್ರೂ ಪದ ಮೂಲತಃ ಒಂದು ಹೆಸರಲ್ಲ. ಎದುರಾಳಿ, ಅಡ್ಡನಿಲ್ಲುವವನು ಎಂಬುದು ಅದರ ಅರ್ಥ. ಸಂಖ್ಯಾಕಾಂಡ 22:22ರಲ್ಲಿ ಬಿಳಾಮನ ದಾರಿಗೆ ಅಡ್ಡವಾಗಿ ನಿಂತವನು ಸರ್ವೇಶ್ವರನ ದೂತ. ಅವನು ನಿಂತ ಬಗೆಯನ್ನು ಹೇಳಲು ಗ್ರಂಥಕರ್ತನು ಬಳಸುವ ಪದ ಇದೇ 'ಸಾತಾನ್'. ನಾಶದ ಕಡೆಗೆ ಹೊರಟವನನ್ನು ತಡೆಯಲು ದೇವದೂತನೇ ಎದುರಾಳಿಯಾಗುತ್ತಾನೆ. ಕತ್ತೆಗೆ ಕಂಡದ್ದು ಬಿಳಾಮನಿಗೆ ಕಾಣಲಿಲ್ಲ. ತನ್ನನ್ನು ಉಳಿಸುತ್ತಿದ್ದ ವಿರೋಧವನ್ನು ಅವನು ಹಟಮಾರಿತನವೆಂದು ತಿಳಿದು ಕತ್ತೆಯನ್ನು ಹೊಡೆದ. ವಿರೋಧವು ಕರುಣೆಯ ಒಂದು ರೂಪವಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಹಳೆಯ ಪಾಠ ಬೇಕಿಲ್ಲ.

ಹೊಸ ಒಡಂಬಡಿಕೆಯಲ್ಲಿ 'ಅಂಥಿಸ್ತೇಮಿ' ಎಂಬ ಗ್ರೀಕ್ ಕ್ರಿಯಾಪದವಿದೆ. ಎದುರಾಗಿ ನಿಲ್ಲು ಎಂಬುದು ಅದರ ಅಕ್ಷರಾರ್ಥ. ಪರ್ವತಪ್ರಸಂಗದಲ್ಲಿ ಯೇಸುಸ್ವಾಮಿ ಕೇಡಿಗನಿಗೆ ಹೀಗೆ ಎದುರು ನಿಲ್ಲಬೇಡಿರೆಂದು ಹೇಳುತ್ತಾರೆ (ಮತ್ತಾಯ 5:39). ರೋಮನರಿಗೆ ಬರೆದ ಪತ್ರವು ಅಧಿಕಾರಕ್ಕೆ ಎದುರು ನಿಲ್ಲುವವನನ್ನು ಎಚ್ಚರಿಸುತ್ತದೆ (13:2). ಆದರೆ ಯಕೋಬನ ಪತ್ರ ಪಿಶಾಚಿಗೆ ಎದುರು ನಿಲ್ಲಲು ಆಜ್ಞಾಪಿಸುತ್ತದೆ (4:7). ಅಂತಿಯೋಕ್ಯದಲ್ಲಿ ಪೇತ್ರನಿಗೆ ತಾನು ಮುಖಾಮುಖಿಯಾಗಿ ಎದುರು ನಿಂತೆನೆಂದು ಪೌಲನೇ ಹೇಳಿಕೊಳ್ಳುತ್ತಾನೆ (ಗಲಾತ್ಯರಿಗೆ 2:11). ಈ ನಾಲ್ಕು ಕಡೆಯೂ ಕ್ರಿಯಾಪದ ಒಂದೇ. ಹಾಗಾದರೆ ವಿರೋಧವು ಸ್ವತಃ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದನ್ನು ಅಳೆಯಲು ಇನ್ನೊಂದು ಅಳತೆಗೋಲು ಬೇಕು.

ಮತ್ತಾಯ 5:39 ಸುಮ್ಮನಿರುವಿಕೆಯ ಉಪದೇಶವೆಂದು ತಿಳಿಯುವವರು ಯೊವಾನ್ನ 18:22-23ನ್ನು ಜೊತೆಗಿಟ್ಟು ಓದಬೇಕು. ಪ್ರಧಾನಯಾಜಕನ ಎದುರಿನಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂಬ ಅರ್ಥದಲ್ಲಿ ಕಾರಣ ಕೇಳಿದರು. ಅಲ್ಲಿ ನಿಷೇಧವಾಗಿರುವುದು ಕೇಡಿನ ಭಾಷೆಯಲ್ಲೇ ಕೇಡಿಗೆ ಉತ್ತರ ಕೊಡುವುದು; ಕಾರಣ ಕೇಳುವುದಲ್ಲ.

ಅಳತೆಗೋಲು ಸಿಗುವುದು ಅಂತಿಯೋಕ್ಯದಲ್ಲಿ. ಪೌಲನು ಪೇತ್ರನನ್ನು ವಿರೋಧಿಸಿದ್ದು ಯಾವ ವಿಷಯಕ್ಕೆ? ಊಟದ ವಿಷಯಕ್ಕೆ. ಅನ್ಯಧರ್ಮದಿಂದ ಬಂದ ವಿಶ್ವಾಸಿಗಳ ಜೊತೆ ಕುಳಿತು ಉಣ್ಣುತ್ತಿದ್ದ ಪೇತ್ರನು ಯಕೋಬನ ಕಡೆಯವರು ಬಂದೊಡನೆ ಅಂಜಿ ಹಿಂದೆ ಸರಿದ. ಇದಕ್ಕೆ ಕನ್ನಡದಲ್ಲಿ ವ್ಯಾಖ್ಯಾನವೇ ಬೇಡ. ನಮ್ಮಲ್ಲಿ ಅದಕ್ಕೆ ಪಂಕ್ತಿಭೇದ ಎಂಬ ಹೆಸರಿದೆ. ಒಂದು ಪಂಕ್ತಿ ಎರಡಾಗುವಾಗ ಪೌಲನು ಎದುರು ನಿಂತ. ಕೊರಿಂಥದ ಸಭೆಯಲ್ಲಿ ಒಬ್ಬನು ಹಸಿದಿರಲು ಇನ್ನೊಬ್ಬನು ತಿಂದು ಕುಡಿದು ಮತ್ತನಾಗುತ್ತಿದ್ದುದನ್ನು ಅವನು ಖಂಡಿಸಿದ್ದೂ ಇದೇ ಕಾರಣಕ್ಕೆ (1 ಕೊರಿಂಥದವರಿಗೆ 11:17-34). ಪಂಕ್ತಿಯನ್ನು ಹಿಗ್ಗಿಸುವ ವಿರೋಧ, ಪಂಕ್ತಿಯನ್ನು ಕುಗ್ಗಿಸುವ ವಿರೋಧ: ಈ ಭೇದವನ್ನು ಹಿಡಿದು ನಮ್ಮ ನಾಡಿನ ನಿದರ್ಶನಗಳತ್ತ ತಿರುಗೋಣ.

2. ಆಯುಧದ ವಿರೋಧ: ಸುರಪುರ, 1858

ಯಡ್ರಾಮಿಯ ನೆರೆಯ ಸುರಪುರವನ್ನು ಬೇಡ ನಾಯಕರ ಅರಸುಮನೆತನ ಆಳುತ್ತಿತ್ತು. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತದ ಮೇಲ್ವಿಚಾರಣೆ ನೋಡಿದವನು ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ಬಾಲಕನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1857ರ ದಂಗೆಯ ಬಿಸಿ ದಕ್ಷಿಣಕ್ಕೆ ತಲುಪಿದಾಗ ಅದೇ ಅರಸನು ಬ್ರಿಟಿಷರ ವಿರುದ್ಧ ಸೈನ್ಯ ಕಟ್ಟಿದ. 1858ರ ಫೆಬ್ರುವರಿಯಲ್ಲಿ ಸುರಪುರ ಬಿದ್ದಿತು. ಹೈದರಾಬಾದಿಗೆ ಹೋದ ಅರಸ ಸೆರೆಯಾದ. ಅದೇ ವರ್ಷ ಸೆರೆಯಲ್ಲಿರುವಾಗಲೇ ಗುಂಡು ತಗುಲಿ ತೀರಿಕೊಂಡ.

ಆಯುಧದ ವಿರೋಧವನ್ನು ದೈವಶಾಸ್ತ್ರ ಹೇಗೆ ನೋಡುತ್ತದೆ? ಸಂತ ತೋಮಸ್ ಅಕ್ವಿನಾಸರು 'ಸುಮ್ಮಾ'ದ ಎರಡನೆಯ ಭಾಗದ ಎರಡನೆಯ ಪಾಲಿನಲ್ಲಿ (ಪ್ರಶ್ನೆ 42, ಲೇಖ 2) ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ನಿರಂಕುಶ ಪ್ರಭುವಿನ ಆಳ್ವಿಕೆಯು ಸರ್ವರ ಹಿತಕ್ಕಾಗಿ ಇರದೆ ಆಳುವವನ ಸ್ವಹಿತಕ್ಕಾಗಿ ಇರುವುದರಿಂದ ಅದು ನ್ಯಾಯಬದ್ಧವಲ್ಲ. ಅಂತಹ ಆಳ್ವಿಕೆಯನ್ನು ಕದಲಿಸುವುದು ರಾಜದ್ರೋಹವಲ್ಲ. ವಾಸ್ತವವಾಗಿ ಜನರೊಳಗೆ ಕಲಹ ಬಿತ್ತುವ ನಿರಂಕುಶ ಪ್ರಭುವೇ ದ್ರೋಹಿ. ಇಷ್ಟು ಹೇಳಿ ಅವರು ಒಂದು ಷರತ್ತನ್ನು ಸೇರಿಸುತ್ತಾರೆ: ಕದಲಿಸಿದ್ದರಿಂದ ಹುಟ್ಟುವ ಗೊಂದಲವು ಪ್ರಭುವಿನ ಆಳ್ವಿಕೆಗಿಂತ ಹೆಚ್ಚಿನ ಹಾನಿಯನ್ನು ಜನರಿಗೆ ತರಬಾರದು. ಆರನೆಯ ಪೌಲರ 1967ರ ಸಾಮಾಜಿಕ ವಿಶ್ವಪತ್ರವೂ, ಎರಡನೆಯ ವ್ಯಾಟಿಕನ್ ಮಹಾಸಭೆಯು ಇಂದಿನ ಜಗತ್ತಿನಲ್ಲಿ ಶ್ರೀಸಭೆಯನ್ನು ಕುರಿತು ನೀಡಿದ ಸಂವಿಧಾನದ 74ನೆಯ ಪರಿಚ್ಛೇದವೂ ಇದೇ ಎಚ್ಚರದ ಗೆರೆಯನ್ನು ಎಳೆಯುತ್ತವೆ. ನಿಸರ್ಗಸಹಜ ಧರ್ಮ ಮತ್ತು ಶುಭಸಂದೇಶ ಹಾಕಿದ ಮಿತಿಗಳೊಳಗೆ ಪ್ರಜೆಗಳು ತಮ್ಮ ಹಕ್ಕನ್ನು ಕಾಪಾಡಿಕೊಳ್ಳಬಹುದು.

ಈ ಷರತ್ತು ಪುಸ್ತಕದ ಮಾತಲ್ಲ. ತೊಂಬತ್ತು ವರ್ಷಗಳ ಬಳಿಕ ಇದೇ ಸೀಮೆಯಲ್ಲಿ ಅದರ ಸತ್ಯ ಬಯಲಾಯಿತು.

3. ಗೆಲುವಿನ ಮರುದಿನ: 1948

ನಿಜಾಮ ಉಸ್ಮಾನ್ ಅಲಿ ಖಾನನ ಸಂಸ್ಥಾನ ಭಾರತಕ್ಕೆ ಸೇರದೆ ಉಳಿದಾಗ ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ಹೂಡಿತು. ಗಡಿಯಾಚೆ ಶಿಬಿರಗಳು ತಲೆಯೆತ್ತಿದವು. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ನಡೆಸಿದ ದೌರ್ಜನ್ಯವನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ ಅದರ ಉರಿಯುವ ಗುರುತು. ಈ ಆಳ್ವಿಕೆಗೆ ಎದುರಾದ ವಿರೋಧ ನ್ಯಾಯವಾದುದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದು ಒಂದು ಮತದವರ ವಿರೋಧ ಮಾತ್ರವೂ ಆಗಿರಲಿಲ್ಲ. ರಜಾಕಾರರನ್ನು ಬಹಿರಂಗವಾಗಿ ಖಂಡಿಸಿ, ಸಂಸ್ಥಾನ ಭಾರತದೊಡನೆ ಸೇರಬೇಕೆಂದು ಬರೆದ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ತನ್ನವರೆನಿಸಿಕೊಂಡವರ ಅನ್ಯಾಯಕ್ಕೆ ಎದುರು ನಿಲ್ಲುವುದು ವಿರೋಧದ ಅತ್ಯಂತ ದುಬಾರಿ ರೂಪ. ಆಮೋಸನು ಬೇತೇಲಿನಲ್ಲಿ ತೆತ್ತದ್ದು ಅದರ ಬೆಲೆಯನ್ನೇ: ಊರು ಬಿಟ್ಟು ಹೋಗಿ ಬೇರೆಲ್ಲಾದರೂ ಅನ್ನ ಹುಡುಕಿಕೊಳ್ಳುವಂತೆ ಯಾಜಕ ಅಮಚ್ಯನು ಅವನಿಗೆ ಹೇಳಿದ (ಆಮೋಸ 7:10-17).

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು. 17ರಂದು ನಿಜಾಮ ಶರಣಾದ. ಆ ದಿನವನ್ನು ನಾವು ಇಂದಿಗೂ ವಿಮೋಚನೆಯ ದಿನವಾಗಿ ಆಚರಿಸುತ್ತೇವೆ. ಆದರೆ ಆಮೇಲಿನ ವಾರಗಳಲ್ಲಿ ನಡೆದದ್ದನ್ನು ಕುರಿತು ನಮ್ಮ ಧ್ವಜಾರೋಹಣದ ಭಾಷಣಗಳು ಮೌನವಾಗಿರುತ್ತವೆ. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಜಿಲ್ಲೆಗಳನ್ನು ಸುತ್ತಿ ವರದಿ ಸಲ್ಲಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಸೇನಾ ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅದರ ಬಳಿಕ ಸಂಸ್ಥಾನದಲ್ಲಿ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂಬುದು ಆ ತಂಡದ ಅಂದಾಜು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ರೈತರು, ಕಸುಬುದಾರರು ಅವರಲ್ಲಿದ್ದರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ ಮತ್ತು ನಾಂದೇಡಗಳನ್ನು.

ನ್ಯಾಯವಾದ ವಿರೋಧವೊಂದು ಗೆದ್ದ ಮರುದಿನವೇ ಸೇಡಿನ ಕೈಗೆ ಜಾರಬಹುದು. ಅಕ್ವಿನಾಸರ ಷರತ್ತಿನ ಅರ್ಥ ಇಲ್ಲಿದೆ. ವಿರೋಧದ ಸತ್ಯಾಸತ್ಯ ತಿಳಿಯುವುದು ಅದು ಸೋತಿರುವಾಗಲ್ಲ, ಗೆದ್ದಾಗ; ನಿನ್ನೆಯ ಎದುರಾಳಿಗೆ, ಅವನ ಹೆಂಡತಿ ಮಕ್ಕಳಿಗೆ, ಅವನ ನೆರೆಯವನಿಗೆ ಪಂಕ್ತಿಯಲ್ಲಿ ಎಲೆ ಉಳಿದಿದೆಯೇ ಎಂಬುದರ ಮೇಲೆ. ಆದರೆ ಅದೇ ವರದಿ ಇನ್ನೊಂದನ್ನೂ ದಾಖಲಿಸಿದೆ. ಕೆಲವೆಡೆ ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರನ್ನು ತಮ್ಮ ಪ್ರಾಣ ಒತ್ತೆಯಿಟ್ಟು ಕಾಪಾಡಿದರು. ಅಪಹರಣಕ್ಕೊಳಗಾದ ಮಹಿಳೆಯರನ್ನು ಮರಳಿ ತರಲು ಹಲವು ಹಿಂದೂಗಳು ನೆರವಾದರು. ನಮ್ಮ ದೃಷ್ಟಿಯಲ್ಲಿ ವಿಮೋಚನೆಯ ಹೋರಾಟದ ಕೊನೆಯ ಸತ್ಯಾಗ್ರಹಿಗಳು ಈ ನೇಕಾರರೇ. ನಿರಂಕುಶತೆಗೆ ಎದುರು ನಿಂತವರ ಪಟ್ಟಿಯಲ್ಲಿ ಸೇಡಿಗೆ ಎದುರು ನಿಂತವರ ಹೆಸರೂ ಇರಬೇಕು.

4. ಸಭೆಯ ವಿರೋಧ: ಸಂಬಳ ಪಡೆದು ಎದುರು ನಿಲ್ಲುವುದು

ಪ್ರಜಾಪ್ರಭುತ್ವ ಈ ಅಪಾಯಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದುದು: ಎದುರಾಳಿಗೆ ಅದೇ ಸಭಾಂಗಣದಲ್ಲಿ ಆಸನ ಹಾಕುವುದು. ವಿರೋಧ ಪಕ್ಷದ ನಾಯಕನಿಗೆ ಸಂಬಳ ಸವಲತ್ತು ಕೊಡುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದ ವರ್ಷ. ವಿರೋಧಿಗಳನ್ನು ಸೆರೆಗೆ ತಳ್ಳಿದ್ದ ಕಾಲ ಕಳೆದೊಡನೆ ವಿರೋಧಿಸುವುದನ್ನೇ ಸಾರ್ವಜನಿಕ ಸೇವೆಯೆಂದು ದೇಶ ಬರೆದುಕೊಂಡಿತು. 2014ರ ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 44 ಸ್ಥಾನ ಬಂದಾಗ, ಹತ್ತನೆಯ ಒಂದು ಪಾಲು ಇಲ್ಲವೆಂಬ ಕಾರಣಕ್ಕೆ ಕಲಬುರಗಿಯಿಂದ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರಿಗೆ ಆ ಅಧಿಕೃತ ಸ್ಥಾನ ಸಿಗಲಿಲ್ಲ. 2021ರಲ್ಲಿ ರಾಜ್ಯಸಭೆಯಲ್ಲಿ ಸಿಕ್ಕಿತು. ಯಾವ ಪಕ್ಷ ಎಂಬುದು ಇಲ್ಲಿ ಮುಖ್ಯವಲ್ಲ. ಇಂದು ಆಳುವವರು ನಾಳೆ ಆ ಕಡೆ ಕೂರುತ್ತಾರೆ, ಆ ಕಡೆ ಇದ್ದವರು ಈ ಕಡೆಗೆ. ಆಸನ ಖಾಲಿಯಾಗದಿರುವುದು ಮುಖ್ಯ.

ಸಭೆಯ ವಿರೋಧ ನಿಧಾನವಾದುದು. ಹಿಂದುಳಿದ ನಮ್ಮ ಜಿಲ್ಲೆಗಳಿಗೆ ಸಂವಿಧಾನದ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರೇ ಮೊದಲಾದವರು ವರ್ಷಗಟ್ಟಲೆ ಧರಣಿ, ಬಂದ್, ಮನವಿಗಳ ಮೂಲಕ ಹೋರಾಡಿದರು. 371(ಜೆ) ವಿಧಿಯನ್ನು ಸೇರಿಸಿದ 98ನೆಯ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2012ರ ಡಿಸೆಂಬರಿನಲ್ಲಿ. ಅದರಿಂದ ವಿದ್ಯಾಲಯಗಳಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗದ ಮಕ್ಕಳಿಗೆ ಮೀಸಲು ಸ್ಥಾನ ಬಂದಿತು. ನಾಬೋತನ ದ್ರಾಕ್ಷಿತೋಟ ಕಳೆದುಹೋದ ಮೇಲೆ ಎಲೀಯನು ಬಂದ (1 ಅರಸುಗಳು 21). ತೋಟ ಕಳೆಯುವ ಮೊದಲೇ ಮಾತನಾಡಲು ಸ್ಥಳವಿರಲಿ ಎಂಬುದು ಸಂವಿಧಾನದ ಆಶಯ.

5. ಪದದ ವಿರೋಧ: ಕಲ್ಯಾಣ, ಕಡಕೋಳ, ಬಂಡಾಯ

ನಮ್ಮ ನಾಡಿನ ವಿರೋಧದ ಅತ್ಯಂತ ಶ್ರೀಮಂತ ರೂಪ ಸಾಹಿತ್ಯದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆಡುಮಾತನ್ನೇ ದೇವರೊಡನೆಯ ಮಾತಾಗಿಸಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಬಿಜ್ಜಳನ ಆಸ್ಥಾನ ಸಹಿಸಲಿಲ್ಲ. ಬೀಗರಿಬ್ಬರೂ ಮರಣದಂಡನೆಗೆ ಗುರಿಯಾದರೆಂದು ಶರಣ ಪರಂಪರೆ ಹೇಳುತ್ತದೆ. ಅದು ಪಂಕ್ತಿಯನ್ನು ಹಿಗ್ಗಿಸಿದ ವಿರೋಧ. ಅದರ ಬೆನ್ನಿಗೇ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಕತ್ತಿ ಬಂದಲ್ಲಿ ಕಲ್ಯಾಣ ನಿಲ್ಲಲಿಲ್ಲ. ವಚನ ಮಾತ್ರ ಉಳಿಯಿತು.

ಏಳು ಶತಮಾನಗಳಾಗುವಷ್ಟರಲ್ಲಿ ಆ ಪರಂಪರೆಯೂ ಮಠ, ಕಟ್ಟಳೆ, ಜಾತಿಗಳ ಗೋಡೆಯೊಳಗೆ ಸೇರಿಕೊಂಡಿತ್ತು. ಆಗ ಅದರ ಒಳಗಿನಿಂದಲೇ ಎದ್ದವರು ತತ್ವಪದಕಾರರು. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಇಂದು ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು ಅವರಲ್ಲಿ ಅಗ್ರಗಣ್ಯರು. ವೇಷದ ಗುರುಗಳನ್ನು, ಹುಸಿ ಆಚಾರವನ್ನು, ಹುಟ್ಟಿನ ಹಮ್ಮನ್ನು ಅವರ ಪದಗಳು ಹಾಸ್ಯದಿಂದ, ಕೆಲವೊಮ್ಮೆ ಬಿರುಸಿನಿಂದ ಬಯಲಿಗೆಳೆಯುತ್ತವೆ. ಆದರೆ ಅವರ ವಿರೋಧ ಬೈಗುಳದಲ್ಲಿ ಮುಗಿಯುವುದಿಲ್ಲ. ಅದು ಹಾಡು, ಏಕತಾರಿಯ ಜೊತೆ ಊರೂರಿನ ಭಜನೆಯಲ್ಲಿ ಎಲ್ಲರೂ ಕೂಡಿ ಹಾಡುವಂಥದು. ಟೀಕೆಗೆ ಗುರಿಯಾದವನೂ ಅದರ ಪಲ್ಲವಿಗೆ ದನಿಗೂಡಿಸಬಹುದು. ಅವರ ಶಿಷ್ಯರಲ್ಲಿ ತೆಲುಗಬಾಳ ರೇವಪ್ಪನವರೊಡನೆ ಚನ್ನೂರ ಜಲಾಲಸಾಹೇಬರೂ ಇದ್ದರು. ಜಾತಿ ಮತಗಳ ಗೋಡೆಯನ್ನು ಮಾತಿನಲ್ಲಿ ಮಾತ್ರ ವಿರೋಧಿಸಿದವರಿಗೆ ಇಂತಹ ಶಿಷ್ಯಬಳಗ ದೊರೆಯದು. ಜೇವರ್ಗಿ ಸೀಮೆಯ ಅರಳಗುಂಡಗಿಯಿಂದ ಕಲಬುರಗಿಗೆ ಹೋದ ಶರಣಬಸವೇಶ್ವರರು ದಾಸೋಹದಿಂದ ಮಾಡಿದ್ದನ್ನು ಮಡಿವಾಳಪ್ಪನವರು ಪದದಿಂದ ಮಾಡಿದರೆನ್ನಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಈ ಧಾರೆ ಬಂಡಾಯವಾಗಿ ಹರಿಯಿತು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಇರಲೆಂಬ ಬೇಡಿಕೆಯನ್ನು ಮುಂದಿಟ್ಟವರು ಕಲಬುರಗಿ ಜಿಲ್ಲೆಯ ಕವಿ ಚೆನ್ನಣ್ಣ ವಾಲೀಕಾರರು. ಪರಿಷತ್ತು ಒಪ್ಪಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು, ಸಂಘಟನೆ ಹುಟ್ಟಿತು. ಕೇಳಿದ್ದು ಪಂಕ್ತಿಯಲ್ಲಿ ಒಂದು ಎಲೆ. ಕೊಡದಿದ್ದಾಗ ಅವರು ಬೇರೆ ಪಂಕ್ತಿ ಹಾಕಿದರು, ಆದರೆ ಕನ್ನಡವನ್ನು ತೊರೆಯಲಿಲ್ಲ. ಆ ಸಂಘಟನೆಯ ಮುಂದಾಳುಗಳಲ್ಲಿ ಒಬ್ಬರಾದ ಬರಗೂರು ರಾಮಚಂದ್ರಪ್ಪನವರು 2016ರಲ್ಲಿ ರಾಯಚೂರಿನ ಅಖಿಲ ಭಾರತ ಸಮ್ಮೇಳನದ ಅಧ್ಯಕ್ಷರಾದರು. ವಿರೋಧವನ್ನು ಒಳಗೊಂಡ ಸಂಸ್ಥೆ ಅದರಿಂದ ಸಣ್ಣದಾಗಲಿಲ್ಲ.

6. ಮೂರು ಪ್ರಶ್ನೆಗಳು

ಈ ನಿದರ್ಶನಗಳಿಂದ, ಯಾವ ವಿರೋಧವನ್ನೇ ಆಗಲಿ ವಿವೇಚಿಸಲು ನೆರವಾಗುವ ಮೂರು ಪ್ರಶ್ನೆಗಳನ್ನು ನಾವು ರೂಪಿಸಿಕೊಳ್ಳಬಹುದು.

ಮೊದಲನೆಯದು, ಈ ವಿರೋಧದಿಂದ ಪಂಕ್ತಿಗೆ ಯಾರು ಸೇರುತ್ತಾರೆ, ಯಾರು ಹೊರಬೀಳುತ್ತಾರೆ? ಎರಡನೆಯದು, ವಿರೋಧಿಸುವವನು ತಾನು ಹಿಡಿದ ನಿಯಮಕ್ಕೆ ತಾನೂ ಒಳಪಟ್ಟಿದ್ದಾನೆಯೇ? ನಾತಾನನು ದಾವೀದನಿಗೆ ಕುರಿಮರಿಯ ಕಥೆ ಹೇಳಿ ಅರಸನ ಬಾಯಿಂದಲೇ ತೀರ್ಪು ಹೊರಡಿಸಿದ (2 ಸಮುವೇಲ 12). ಅದು ಇಬ್ಬರೂ ಒಪ್ಪಿದ ಧರ್ಮದ ಮುಂದೆ ನಡೆದ ವಿರೋಧ. ಮೂರನೆಯದು, ಗೆದ್ದರೆ ಎದುರಾಳಿಯ ಗತಿ ಏನು? ಪೌಲನು ಪೇತ್ರನಿಗೆ ಎದುರು ನಿಂತ ಮೇಲೂ ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಕೂಡಿಸುವುದನ್ನು ನಿಲ್ಲಿಸಲಿಲ್ಲ (2 ಕೊರಿಂಥದವರಿಗೆ 8-9). ಜಗಳವಾಡಿದ ಮನೆಗೇ ಅಕ್ಕಿ ಕಳುಹಿಸಿದಂತೆ ಅದು.

ಈ ಮೂರರಲ್ಲಿ ಒಂದಕ್ಕಾದರೂ ಉತ್ತರ ತಪ್ಪಿದರೆ ವಿರೋಧದ ಕಾರಣ ಎಷ್ಟೇ ನ್ಯಾಯವಾಗಿದ್ದರೂ ನಾವು ಅದರ ಜೊತೆ ನಡೆಯುತ್ತಲೇ ಅದನ್ನು ತಿದ್ದಬೇಕಾಗುತ್ತದೆ. ಜನರು ಮನವಿಪತ್ರಕ್ಕೆ ಸಹಿ ಕೇಳಿಕೊಂಡು ಗುರುನಿವಾಸಕ್ಕೆ ಬರುತ್ತಾರೆ. ನೀರಿಗಾಗಿ, ಕೂಲಿಗಾಗಿ, ಸ್ಮಶಾನದ ಜಾಗಕ್ಕಾಗಿ. ಸಹಿ ಹಾಕುವುದೋ ಬೇಡವೋ ಎಂಬುದಕ್ಕಿಂತ ಮೊದಲು ಈ ಪ್ರಶ್ನೆಗಳನ್ನು ಅವರೊಡನೆ ಕುಳಿತು ಕೇಳಿಕೊಳ್ಳುವುದು ಪಾಲಕನ ಕೆಲಸ.

ಸಮಾರೋಪ: ಪೇತ್ರನ ಜಾಗದಲ್ಲಿ

ಪ್ರವಾದಿಯ ಪಾಲು ನಮ್ಮದೆಂದು ಭಾವಿಸಿಕೊಂಡು ಇಂತಹ ಲೇಖನಗಳನ್ನು ಓದುವುದು ಸುಲಭ. ಆದರೆ ದೀಕ್ಷೆ ಪಡೆದ ದಿನದಿಂದ ನಾವು ಹೆಚ್ಚಾಗಿ ಕೂರುವುದು ಪೌಲನ ಜಾಗದಲ್ಲಲ್ಲ, ಪೇತ್ರನ ಜಾಗದಲ್ಲಿ. ಲೆಕ್ಕದ ಪುಸ್ತಕ, ಶಾಲೆಯ ಪ್ರವೇಶ, ಹಬ್ಬದ ಮೆರವಣಿಗೆ, ಯಾರಿಗೆ ಮುಂದಿನ ಸಾಲು ಎಂಬುದೆಲ್ಲ ನಮ್ಮ ಕೈಯಲ್ಲಿರುತ್ತದೆ. ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆಂದು 1983ರ ಧರ್ಮಸಭಾ ಕಾನೂನಿನ 212ನೆಯ ವಿಧಿಯ ಮೂರನೆಯ ಖಂಡ ಸಾರುತ್ತದೆ. ವಿಶ್ವಾಸಕ್ಕೆ ಕುತ್ತು ಬಂದಾಗ ಪ್ರಜೆಯು ಪಾಲಕನನ್ನು ಬಹಿರಂಗವಾಗಿಯೂ ತಿದ್ದಬೇಕೆಂದು ಅಕ್ವಿನಾಸರು ಅಂತಿಯೋಕ್ಯದ ಘಟನೆಯನ್ನೇ ಆಧಾರವಾಗಿಟ್ಟು ಹೇಳುತ್ತಾರೆ (ಅದೇ ಗ್ರಂಥ, ಪ್ರಶ್ನೆ 33, ಲೇಖ 4).

ಆ ಘಟನೆಯನ್ನು ಕುರಿತು ಸಂತ ಜೆರೋಮರಿಗೂ ಸಂತ ಅಗಸ್ಟೀನರಿಗೂ ದೀರ್ಘವಾದ ಪತ್ರವಾದ ನಡೆಯಿತು. ಅಪೊಸ್ತಲರಿಬ್ಬರು ನಿಜವಾಗಿ ಎದುರುಬದುರಾಗಿರಲಾರರು, ಅದು ಇತರರ ಬೋಧನೆಗಾಗಿ ಮಾಡಿಕೊಂಡ ಏರ್ಪಾಡು ಎಂಬುದು ಜೆರೋಮರ ಒಲವು. ಅಗಸ್ಟೀನರು ಒಪ್ಪಲಿಲ್ಲ. ಪೇತ್ರನು ನಿಜವಾಗಿಯೇ ತಪ್ಪಿದ, ಪೌಲನು ನಿಜವಾಗಿಯೇ ಎದುರು ನಿಂತ. ತನಗಿಂತ ಹಿಂದೆ ಬಂದವನ ತಿದ್ದುಪಡಿಯನ್ನು ಸಹಿಸಿಕೊಂಡ ಪೇತ್ರನ ವಿನಯವು ಪೌಲನ ಧೈರ್ಯಕ್ಕಿಂತ ಅಪರೂಪದ್ದು ಎಂಬುದು ಅವರ ನಿಲುವು. ಗಲಾತ್ಯರಿಗೆ ಬರೆದ ಪತ್ರ ಪೇತ್ರನ ಉತ್ತರವನ್ನು ದಾಖಲಿಸುವುದಿಲ್ಲ. ಅವನು ಎದ್ದು ಮತ್ತೆ ಆ ಪಂಕ್ತಿಗೆ ಹೋಗಿ ಕುಳಿತನೋ ಎಂಬುದನ್ನು ಗ್ರಂಥ ಬರೆಯದೆ ಬಿಟ್ಟಿದೆ. ಆ ಉತ್ತರವನ್ನು ಬರೆಯುವ ಹೊಣೆ ಪ್ರತಿಯೊಂದು ಧರ್ಮಕೇಂದ್ರದಲ್ಲಿ, ನಮ್ಮನ್ನು ಎದುರಿಸಿ ಯಾರೋ ಒಬ್ಬರು ಎದ್ದು ನಿಂತ ದಿನ, ನಮ್ಮ ಪಾಲಿಗೆ ಬರುತ್ತದೆ.